ಹಿರಿತನದ ಹಕ್ಕು

ಡಾನುತೆಗೆ ತನ್ನದೆಂದು ಹೇಳಿಕೊಳ್ಳಲು ಒಂದು ಬಾಗಿಲು ಇರಲಿಲ್ಲ.

ಲಿಥುವೇನಿಯಾ ಬಿಟ್ಟು ನಾರ್ವೆಯ ಡ್ರಾಮೆನ್ ಊರಿಗೆ ಬಂದು ಹದಿನಾರು ವರ್ಷವಾಗಿತ್ತು. ವಯಸ್ಸು ನಲವತ್ತೇಳು. ಶಾಲೆಯೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದವಳು ಈಗ ನೆಲ ಒರೆಸುವ ಆರು ಜನರ ಮೇಲ್ವಿಚಾರಕಿ. ಬಾಡಿಗೆಗಿದ್ದದ್ದು ಒಬ್ಬ ಮುದುಕಿಯ ಮನೆಯ ತಳಮನೆಯಲ್ಲಿ. ಕಿಟಕಿ ನೆಲಮಟ್ಟದಲ್ಲಿತ್ತು. ಚಳಿಗಾಲದಲ್ಲಿ ಹಿಮ ಬಿದ್ದರೆ ಕಿಟಕಿ ಮುಚ್ಚಿಹೋಗಿ ಮಧ್ಯಾಹ್ನವೂ ದೀಪ ಹಾಕಬೇಕು. ಬೇಸಿಗೆಯಲ್ಲಿ ಮುದುಕಿಯ ಚಪ್ಪಲಿ ಮತ್ತು ಪಕ್ಕದ ಮನೆಯ ಬೆಕ್ಕಿನ ಹೊಟ್ಟೆ ಕಾಣುತ್ತಿತ್ತು. ಅಂಚೆ ಡಬ್ಬಿಯ ಮೇಲೆ ಮುದುಕಿಯ ಹೆಸರನ್ನು ಹಿತ್ತಾಳೆಯಲ್ಲಿ ಕೊರೆದಿದ್ದರು. ಅದರ ಕೆಳಗೆ ಡಾನುತೆಯದು, ಬಿಳಿ ಟೇಪಿನ ಮೇಲೆ ಪೆನ್ನಿನಿಂದ. ಮಳೆಗೆ ಮಸಿ ಕದಡಿದಾಗ ಅವಳು ಹೊಸ ಟೇಪು ಅಂಟಿಸುತ್ತಿದ್ದಳು.

ದುಡ್ಡಿರಲಿಲ್ಲ ಎಂದಲ್ಲ. ಮೊದಲ ಆರು ವರ್ಷ, ಮುಂದಿನ ವರ್ಷ ವಾಪಸ್ ಹೋಗುತ್ತೇನೆ ಅಂದುಕೊಂಡಳು. ಆಮೇಲೆ ಬೆಲೆ ಇಳಿಯಲಿ ಅಂದುಕೊಂಡಳು. ಬೆಲೆ ಇಳಿಯಲಿಲ್ಲ. ಆಮೇಲೆ ಮನೆ ನೋಡುವುದೇ ಅಭ್ಯಾಸವಾಯಿತು. ಇಲ್ಲಿ ಮಾರುವ ಮನೆಗಳನ್ನು ಭಾನುವಾರ ಒಂದು ಗಂಟೆ ತೆರೆದಿಡುತ್ತಾರೆ. ಬಾಗಿಲಲ್ಲಿ ಇಟ್ಟ ನೀಲಿ ಪ್ಲಾಸ್ಟಿಕ್ ಚೀಲವನ್ನು ಬೂಟಿನ ಮೇಲೆ ಎಳೆದುಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು. ಡಾನುತೆ ಚರ್ಚಿಗೆ ತಪ್ಪಿಸಿದರೂ ಇದನ್ನು ತಪ್ಪಿಸುತ್ತಿರಲಿಲ್ಲ. ಊರಿನ ದಲ್ಲಾಳಿಗಳು ಅವಳ ಮುಖ ನೋಡಿದರೆ ಹೆಸರು ಬರೆದುಕೊಳ್ಳುವುದನ್ನೂ ಬಿಟ್ಟಿದ್ದರು. ಮಂಚದ ಕೆಳಗೆ ನೂರಾರು ಮನೆಗಳ ಪರಿಚಯ ಪುಸ್ತಿಕೆಗಳಿದ್ದವು. ಒಂದೊಂದರ ಮೇಲೂ ಆ ಮನೆಯ ದೋಷ ಬರೆದಿರುತ್ತಿತ್ತು: ಗೋಡೆ ತೇವ, ರೈಲಿನ ಸದ್ದು, ಅಡುಗೆಮನೆಗೆ ಗಾಳಿಯಿಲ್ಲ. ಊರಿನ ಲಿಥುವೇನಿಯದವರು ಮನೆ ಕೊಳ್ಳುವಾಗ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಹಾಗೆ ಹನ್ನೊಂದು ಕುಟುಂಬಕ್ಕೆ ಮನೆ ಆರಿಸಿಕೊಟ್ಟಿದ್ದಳು.

ಅವಳ ಹತ್ತಿರ ಇದ್ದ ಒಂದೇ ಆಸ್ತಿ ಹಿರಿತನ. ಡ್ರಾಮೆನ್ನಿನ ಅರ್ಧದಷ್ಟು ಫ್ಲಾಟುಗಳು ವಸತಿ ಸಹಕಾರ ಸಂಘದವು. ಅಲ್ಲಿ ಹರಾಜಿನಲ್ಲಿ ಯಾರೇ ಗೆಲ್ಲಲಿ, ಸಂಘದ ಸದಸ್ಯರಲ್ಲಿ ಯಾರಾದರೂ ಐದು ಕೆಲಸದ ದಿನಗಳೊಳಗೆ ‘ಅದೇ ಬೆಲೆಗೆ ನನಗೆ ಕೊಡಿ’ ಎನ್ನಬಹುದು. ಹಾಗೆ ಕೇಳಿದವರಲ್ಲಿ ಯಾರು ಎಲ್ಲರಿಗಿಂತ ಹಳೆಯ ಸದಸ್ಯರೋ ಮನೆ ಅವರ ಪಾಲು. ಗೆದ್ದವನು ಕೈ ಒರೆಸಿಕೊಂಡು ಹೋಗಬೇಕು. ಈ ಹಕ್ಕು ಒಂದು ಸಲಕ್ಕೆ ಮಾತ್ರ. ಬಳಸಿದ ದಿನದಿಂದ ಹಿರಿತನ ಮತ್ತೆ ಸೊನ್ನೆಯಿಂದ ಶುರು. ನಾರ್ವೆಯವರು ಮಕ್ಕಳು ಹುಟ್ಟಿದ ತಿಂಗಳಲ್ಲೇ ಅವರನ್ನು ಸದಸ್ಯರನ್ನಾಗಿ ಮಾಡಿಬಿಡುತ್ತಾರೆ. ಹೊರಗಿನಿಂದ ಬಂದವರಿಗೆ ಇದು ಗೊತ್ತಾಗುವಷ್ಟರಲ್ಲಿ ಹತ್ತು ವರ್ಷ ಕಳೆದಿರುತ್ತದೆ. ಡಾನುತೆಗೆ ಬಂದ ಮರುವರ್ಷವೇ ಗೊತ್ತಾಯಿತು. ಶಾಲೆಯ ಹಳೆಯ ಮೇಲ್ವಿಚಾರಕಿ ಹೇಳಿದ್ದಳು.

ತಾನು ಸದಸ್ಯೆಯಾದ ಕತೆಯನ್ನು ಡಾನುತೆ ಪ್ರತಿ ಕ್ರಿಸ್‌ಮಸ್ಸಿನಲ್ಲೂ ಹೇಳುತ್ತಿದ್ದಳು. ಸದಸ್ಯತ್ವದ ಅರ್ಜಿ ಹಾಕಿದ ದಿನವೇ ಊರಿಗೆ ಫೋನು ಮಾಡಿ, ನಿನಗೆ ಉಡುಗೊರೆ ಕಳಿಸೋಕೆ ಆಗಲಿಲ್ಲ, ಅದರ ಬದಲು ನಿನ್ನ ಹೆಸರಲ್ಲಿ ಒಂದು ಸಾಲಿನಲ್ಲಿ ನಿಂತಿದ್ದೇನೆ ಎಂದು ಅಮ್ಮನಿಗೆ ಹೇಳಿದ್ದಳು. ಅಮ್ಮ ನಕ್ಕು, ಸೋವಿಯತ್ ಕಾಲದಲ್ಲಿ ನಾನೂ ಸಾಲಿನಲ್ಲಿ ನಿಂತವಳೇ, ಆದರೆ ಸಾಲಿನ ಕೊನೆಯಲ್ಲಿ ಸಾಸೇಜ್ ಇದೆ ಅಂತಲಾದರೂ ಗೊತ್ತಿರುತ್ತಿತ್ತು ಎಂದಿದ್ದಳಂತೆ. ಇದನ್ನು ಕೇಳಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಗಿಂತಾರೆ.

ಗಿಂತಾರೆ ಡಾನುತೆಯ ಚಿಕ್ಕಮ್ಮನ ಮಗಳು. ಇಪ್ಪತ್ತೊಂಬತ್ತು ವರ್ಷ. ಮೂರು ವರ್ಷದ ಹಿಂದೆ ಒಂದು ಚೀಲ, ಎರಡು ಕಪ್ಪು ರೊಟ್ಟಿ ಹಿಡಿದುಕೊಂಡು ಬಂದು ಡಾನುತೆಯ ಸೋಫಾದ ಮೇಲೆ ಏಳು ತಿಂಗಳು ಮಲಗಿದಳು. ತೆರಿಗೆ ಕಾರ್ಡು ಮಾಡಿಸಿದ್ದು, ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದು, ಬಸ್ಸಿನಲ್ಲಿ ಯಾರ ಪಕ್ಕವೂ ಕೂರಬಾರದು ಎಂದು ಕಲಿಸಿದ್ದು ಎಲ್ಲ ಡಾನುತೆಯೇ. ಆಮೇಲೆ ಗಿಂತಾರೆ ಸೌತೆಕಾಯಿ ಬೆಳೆಯುವ ಗಾಜಿನಮನೆಯಲ್ಲಿ ಕೆಲಸ ಹಿಡಿದಳು. ಅಲ್ಲಿಂದ ಒಂದೊಂದೇ ಶುರುವಾಯಿತು. ಡಾನುತೆ ಎಂಟು ವರ್ಷಕ್ಕೆ ಕಲಿತ ಭಾಷೆಯನ್ನು ಗಿಂತಾರೆ ಎರಡು ವರ್ಷಕ್ಕೆ ಕಲಿತಳು. ಡಾನುತೆ ಮೂರು ಸಲ ಫೇಲಾದ ಕಾರಿನ ಪರೀಕ್ಷೆಯಲ್ಲಿ ಗಿಂತಾರೆ ಮೊದಲ ಸಲವೇ ಪಾಸಾದಳು. ಟೈಲ್ಸ್ ಹಾಕುವ ಮಿಂದೌಗಸ್ ಎಂಬ ಹುಡುಗ ಸಿಕ್ಕಿದ, ಮದುವೆಯಾಯಿತು. ಕುಡಿಯುವುದಿಲ್ಲ, ಮಾತು ಕಡಿಮೆ, ಸಂಬಳ ಚೆನ್ನಾಗಿದೆ. ಡಾನುತೆಗೆ ಸಿಕ್ಕಿದ್ದವನು ಮೂರನ್ನೂ ತಿರುಗುಮುರುಗು ಮಾಡಿದಂತಿದ್ದ. ಅವನು ಹೋಗಿ ಒಂಬತ್ತು ವರ್ಷವಾಗಿತ್ತು.

ಗಿಂತಾರೆ ಕೆಟ್ಟವಳಾಗಿದ್ದರೆ ಡಾನುತೆಗೆ ಸುಲಭವಾಗುತ್ತಿತ್ತು. ಅವಳು ಕೆಟ್ಟವಳಾಗಿರಲಿಲ್ಲ. ಪ್ರತಿ ಭಾನುವಾರ ಸಂಜೆ ಒಂದು ಡಬ್ಬಿ ತುಂಬ ಸಾರು ತಂದುಕೊಡುತ್ತಿದ್ದಳು. ಡಾನುತೆಯ ಮನೆಯ ಇನ್ನೊಂದು ಕೀಲಿ ಸೋಫಾದ ಕಾಲದಿಂದಲೂ ಅವಳ ಹತ್ತಿರವೇ ಇತ್ತು. ಡಾನುತೆಗೆ ಜ್ವರ ಬಂದರೆ ಹೇಳಿಸಿಕೊಳ್ಳದೆ ಒಳಗೆ ಬರುತ್ತಿದ್ದಳು.

ಏಪ್ರಿಲ್ ತಿಂಗಳ ಒಂದು ಭಾನುವಾರ ಮೂವರೂ ಗುಡ್ಡದ ಮೇಲಿನ ಸಂಘದ ಕಟ್ಟಡಕ್ಕೆ ಮನೆ ನೋಡಲು ಹೋದರು. ಮೂರನೆಯ ಮಹಡಿ. ಎರಡು ಕೋಣೆ, ಒಂದು ದೊಡ್ಡದು, ಒಂದು ಚಿಕ್ಕದು. ಡಾನುತೆ ನೀಲಿ ಚೀಲದ ಕಾಲಿನಲ್ಲಿ ಒಳಗೆ ಬಂದು ನೇರ ಪಶ್ಚಿಮದ ಕಿಟಕಿಗೆ ಹೋದಳು. ಕೆಳಗೆ ನದಿ, ಎರಡು ಸೇತುವೆ, ನದಿಯಾಚೆ ಅವಳು ಬದುಕಿದ ದಂಡೆ. ಆ ದಂಡೆಗೆ ಗುಡ್ಡ ಅಡ್ಡ ಬಂದು ಚಳಿಗಾಲದಲ್ಲಿ ಬಿಸಿಲು ತಲುಪುವುದಿಲ್ಲ. ಇಲ್ಲಿ ಏಪ್ರಿಲಿನ ಬಿಸಿಲು ಅಡುಗೆಮನೆಯ ನೆಲದವರೆಗೂ ಬಂದಿತ್ತು. ಅಡುಗೆಮನೆಯ ಹೊರಗೋಡೆಗೆ ತಾಗಿ ತಂಪಾದ ಒಂದು ಗೂಡು ಇತ್ತು, ಹಳೆಯ ಕಾಲದ್ದು, ಮರದ ಬಾಗಿಲಿನದು. ಎರಡು ನಿಮಿಷದಲ್ಲಿ ಡಾನುತೆ ಮನಸ್ಸಿನಲ್ಲೇ ತನ್ನ ಬೀಟ್‌ರೂಟ್ ಜಾಡಿಗಳನ್ನೆಲ್ಲ ಅದರೊಳಗೆ ಜೋಡಿಸಿಟ್ಟಿದ್ದಳು. ನೂರಾರು ಮನೆ ನೋಡಿದವಳಿಗೆ ಪುಸ್ತಿಕೆಯ ಮೇಲೆ ಬರೆಯಲು ಒಂದು ದೋಷ ಸಿಗಲಿಲ್ಲ.

ಆಮೇಲೆ, ತಾನು ಇದನ್ನು ನೋಡಲು ಬಂದದ್ದು ತನಗಾಗಿ ಅಲ್ಲ ಎಂದು ನೆನಪಾಯಿತು.

ಬಚ್ಚಲಿನಲ್ಲಿ ಗಿಂತಾರೆ ಗೋಡೆ ಸವರುತ್ತಿದ್ದಳು. ಡಾನುತೆ ಮೂಗು ಸುಕ್ಕಿಸಿ ಹೇಳಿದಳು. “ಗೋಡೆ ಒಳಗೆ ನೀರು ಇಂಗಿದೆ. ವಾಸನೆ ಬರ್ತಿಲ್ವಾ ನಿಂಗೆ? ಐದು ವರ್ಷದಲ್ಲಿ ಎಲ್ಲ ಒಡೀಬೇಕಾಗತ್ತೆ.”

ಗಿಂತಾರೆಯ ಮುಖ ಸಣ್ಣದಾಯಿತು. ಅಕ್ಕ ಹೇಳಿದರೆ ಮುಗಿಯಿತು ಎನ್ನುವವಳು ಅವಳು. ಆದರೆ ಮಿಂದೌಗಸ್ ಮಂಡಿಯೂರಿ ಕೂತು ನೀರು ಹೋಗುವ ತೂತಿನ ಜಾಲರಿ ತೆಗೆದು ಬೆರಳು ಹಾಕಿ ನೋಡಿದ. ಕೀಲಿಯಿಂದ ಒಂದೊಂದೇ ಟೈಲ್ಸ್ ತಟ್ಟುತ್ತ ಬಂದ. ಹತ್ತು ನಿಮಿಷ ತಟ್ಟಿದ.

“ವಾಸನೆ ಬರ್ತಿರೋದು ದಲ್ಲಾಳಿ ಬಳ್ಕೊಂಡಿರೋ ಸೆಂಟಿಂದು ಅಕ್ಕಾ” ಎಂದ. “ಇದನ್ನ ಹಾಕಿದೋನು ನನಗಿಂತ ಚೆನ್ನಾಗಿ ಹಾಕಿದಾನೆ.”

ಡಾನುತೆ ಬಿಡಲಿಲ್ಲ. ಮೇಲಿನ ಮನೆಯಲ್ಲಿ ಮಕ್ಕಳಿದ್ದಾರೆ, ದಿನವಿಡೀ ತಲೆಯ ಮೇಲೆ ಓಡುತ್ತಾರೆ ಎಂದಳು.

“ಓಡ್ಲಿ ಬಿಡಕ್ಕ. ಅಕ್ಟೋಬರ್ ಆದ್ಮೇಲೆ ನಮ್ಮದೂ ಓಡತ್ತೆ” ಎಂದಳು ಗಿಂತಾರೆ. ಹೇಳಿ, ಅಕ್ಕನ ಮುಖ ನೋಡಿ ನಕ್ಕಳು. ಹೀಗೆ, ಯಾರದೋ ಬಚ್ಚಲಿನಲ್ಲಿ ನಿಂತು, ಡಾನುತೆಗೆ ಅವಳು ಬಸುರಿ ಎಂದು ತಿಳಿಯಿತು. ಅಪ್ಪಿಕೊಂಡು ಒಳ್ಳೆಯದಾಗಲಿ ಎಂದಳು. ಅಪ್ಪಿಕೊಂಡಾಗ ಗಿಂತಾರೆಯ ಭುಜದ ಮೇಲಿಂದ ಅಡುಗೆಮನೆಯ ಗೂಡು ಕಾಣುತ್ತಿತ್ತು.

ಸೋಮವಾರ ಹರಾಜು. ಇಲ್ಲಿ ಹರಾಜು ಕೂಗುವುದು ಬಾಯಿಂದಲ್ಲ, ಫೋನಿನ ಮೆಸೇಜಿನಿಂದ. ಒಮ್ಮೆ ಕಳಿಸಿದರೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಗಿಂತಾರೆ ಅರ್ಧ ದಿನ ರಜೆ ಹಾಕಿ, ನೀನು ಪಕ್ಕದಲ್ಲಿದ್ದರೆ ಧೈರ್ಯ ಎಂದು ಶಾಲೆಗೇ ಬಂದಳು. ಬಕೆಟ್ಟು, ಮಾಪುಗಳನ್ನಿಡುವ ಕೋಣೆಯಲ್ಲಿ ಇಬ್ಬರೂ ಕೂತರು. ಎದುರಾಳಿ ಒಬ್ಬನೇ. ಅವನು ಇಪ್ಪತ್ತೈದು ಸಾವಿರ ಏರಿಸಿದರೆ ಗಿಂತಾರೆ ಇಪ್ಪತ್ತೈದು. ಡಾನುತೆ ಹೇಳಿಕೊಟ್ಟಳು: ಯೋಚಿಸಲು ಸಮಯ ಕೊಡಬೇಡ, ತಕ್ಷಣ ಏರಿಸು. ಹೇಳಿಕೊಡುವುದು ಅವಳಿಗೆ ಚಟವಾಗಿತ್ತು, ಅಸೂಯೆಗಿಂತ ಹಳೆಯ ಚಟ. ಮೂವತ್ತೊಂದು ಲಕ್ಷ ಕ್ರೋನರ್ ದಾಟಿದಾಗ ಸಾಕು, ಬಿಟ್ಟುಬಿಡು ಎಂದಳು. ಗಿಂತಾರೆ ಬಿಡಲಿಲ್ಲ. ಮೂವತ್ತೆರಡಕ್ಕೆ ಎದುರಾಳಿ ಸುಮ್ಮನಾದ. ದಲ್ಲಾಳಿ ಫೋನು ಮಾಡಿ ಅಭಿನಂದನೆ ಹೇಳಿದ. ಗಿಂತಾರೆ ಎದ್ದು ನಿಂತು, ಮತ್ತೆ ಕೂತು, ಅಕ್ಕನ ಎಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆ ಸಂಜೆ ಗಿಂತಾರೆಯ ಬಾಡಿಗೆ ಮನೆಯಲ್ಲಿ ಆಲೂಗಡ್ಡೆ ತುರಿದು ದೋಸೆ ಮಾಡಿದರು. ಹುಳಿ ಕೆನೆ ಹಚ್ಚಿಕೊಂಡು ತಿನ್ನುತ್ತಿರುವಾಗ ಗಿಂತಾರೆ ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ.

“ಅಕ್ಕಾ, ನಾವಿಬ್ರೂ ಮಾತಾಡ್ಕೊಂಡಿದೀವಿ. ಚಿಕ್ಕ ಕೋಣೆ ನಿಂಗೆ. ಆ ಬಿಲದಲ್ಲಿ ಇನ್ನೆಷ್ಟು ವರ್ಷ ಅಂತ ಇರ್ತೀಯ?”

“ಬಾಡಿಗೆ?”

“ನಿನ್ನ ಹತ್ರ ಯಾರಾದ್ರೂ ಬಾಡಿಗೆ ಕೇಳ್ತಾರಾ? ಮಗು ಬಂದ್ಮೇಲೆ ಸಂಜೆ ಹೊತ್ತು ಒಂಚೂರು ನೋಡ್ಕೊಂಡ್ರೆ ಆಯ್ತು.”

ಆ ತಳಮನೆಯನ್ನು ಬಿಲ ಎಂದು ಮೊದಲು ಕರೆದವಳು ಡಾನುತೆಯೇ. ಹದಿನಾರು ವರ್ಷ ಹಾಗೆಯೇ ಕರೆದಿದ್ದಳು. ಇನ್ನೊಬ್ಬರ ಬಾಯಲ್ಲಿ ಅದು ಬೇರೆ ಥರ ಕೇಳಿಸಿತು. ಆ ಚಿಕ್ಕ ಕೋಣೆಯನ್ನು ಅವಳು ನೋಡಿದ್ದಳು. ಒಂದು ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಪುಸ್ತಿಕೆಯಲ್ಲಿ ಅದನ್ನು ‘ಮಗುವಿನ ಕೋಣೆ ಅಥವಾ ಉಗ್ರಾಣ’ ಎಂದು ಬರೆದಿದ್ದರು. ಯೋಚಿಸಿ ಹೇಳುತ್ತೇನೆ ಎಂದು ಇನ್ನೊಂದು ದೋಸೆ ಹಾಕಿಸಿಕೊಂಡಳು. ಗಿಂತಾರೆ, ಐದು ದಿನದಲ್ಲಿ ಯಾರಾದರೂ ಹಿರಿತನದ ಹಕ್ಕು ಹೇಳಿಕೊಂಡು ಬಂದರೆ ಏನು ಗತಿ, ತಾನು ಸದಸ್ಯೆಯಾಗಿ ಇನ್ನೂ ಆರೇ ತಿಂಗಳು ಎಂದು ಕೇಳಿದಳು. ಮೂವತ್ತೆರಡು ಲಕ್ಷಕ್ಕೆ ಯಾರು ಬರುತ್ತಾರೆ, ಸುಮ್ಮನೆ ಮಲಗು ಎಂದಳು ಡಾನುತೆ. ಹೇಳುವಾಗ ಅದು ಸುಳ್ಳಾಗಿರಲಿಲ್ಲ.

ಮಂಗಳವಾರ ಸಂಘದ ಜಾಲತಾಣದಲ್ಲಿ ಆ ಮನೆಯ ಪ್ರಕಟಣೆ ಬಂತು. ಬೆಲೆ, ವಿಳಾಸ, ಹಕ್ಕು ಕೇಳಲು ಕೊನೆಯ ಗಳಿಗೆ ಮುಂದಿನ ಮಂಗಳವಾರ ಮಧ್ಯಾಹ್ನ ಹನ್ನೆರಡು. ಡಾನುತೆ ನೋಡಿ ಮುಚ್ಚಿದಳು. ಬುಧವಾರ ಮತ್ತೆ ನೋಡಿದಳು. ಅದರಲ್ಲಿ ಅಡುಗೆಮನೆಯ ಗೂಡಿನ ಫೋಟೋ ಇತ್ತು. ಗುರುವಾರ ಗಿಂತಾರೆ ಪರದೆ ಬಟ್ಟೆಯ ಚಿತ್ರ ಕಳಿಸಿ ಹಳದಿಯೋ ಹಸಿರೋ ಎಂದು ಕೇಳಿದಳು. ಶುಕ್ರವಾರ, ಗೂಡು ತೆಗೆಸಿ ಅಲ್ಲಿ ಪಾತ್ರೆ ತೊಳೆಯುವ ಯಂತ್ರ ಇಡುವುದಾಗಿ ಹೇಳಿದಳು. ಡಾನುತೆ ಆ ರಾತ್ರಿ ಊಟ ಮಾಡಲಿಲ್ಲ. ಗೂಡನ್ನು ಒಡೆಯುತ್ತಾರೆ ಎನ್ನುವುದೇ ತಲೆಯಲ್ಲಿ. ಅದರ ಬೆಲೆ ಗೊತ್ತಿಲ್ಲದವಳಿಗೆ ಸಿಕ್ಕಿತು ಎಂದುಕೊಂಡಳು. ವರ್ಷಗಟ್ಟಲೆ ಭಾನುವಾರ ಭಾನುವಾರ ಅಲೆದವಳು ನಾನು. ಒಂದು ಮಧ್ಯಾಹ್ನ ಬಂದವಳಿಗೆ ಸಿಕ್ಕಿತು.

ಶನಿವಾರ ಇನ್ನೊಂದು ಚಿತ್ರ ಬಂತು. ಮಡಚುವ ಮಂಚ, ಅರ್ಧ ಬೆಲೆಗೆ. ಕೆಳಗೆ ಗಿಂತಾರೆ ಬರೆದಿದ್ದಳು: “ನಿನ್ನ ಕೋಣೆಗೆ ಸರಿಯಾಗತ್ತೆ ಅಕ್ಕ, ಅಳತೆ ಮಾಡಿದೀವಿ.”

ಬ್ಯಾಂಕಿನ ಸಾಲದ ಒಪ್ಪಿಗೆ ಪತ್ರವನ್ನು ಡಾನುತೆ ಮೂರು ಮೂರು ತಿಂಗಳಿಗೆ ಹೊಸದು ಮಾಡಿಸಿಕೊಳ್ಳುತ್ತಿದ್ದಳು. ಏನನ್ನೂ ಕೊಳ್ಳದಿದ್ದರೂ ಮಾಡಿಸುತ್ತಿದ್ದಳು. ಬ್ಯಾಂಕಿನವರಿಗೂ ಅದು ತಮಾಷೆಯಾಗಿತ್ತು. ಮಂಗಳವಾರ ಹನ್ನೊಂದೂವರೆಗೆ, ಅದೇ ಮಾಪುಗಳ ಕೋಣೆಯಲ್ಲಿ ಕೂತು, ಫೋನಿನಲ್ಲಿ ಸಂಘದ ಅರ್ಜಿ ತೆರೆದಳು. ಯಾರಾದರೂ ನಾರ್ವೆಯ ಮುದುಕರು ಬಂದೇ ಬರುತ್ತಾರೆ, ಎಂಬತ್ತರ ದಶಕದಲ್ಲಿ ಸೇರಿದವರು, ಅವರ ಮುಂದೆ ನನ್ನ ಹದಿನೈದು ವರ್ಷ ಏನೂ ಅಲ್ಲ. ಸಾಲಿನಲ್ಲಿ ನಾನು ಎಷ್ಟನೆಯವಳು ಎಂದು ನೋಡುವುದು, ಅಷ್ಟೆ. ಹೀಗೆ ತನಗೆ ತಾನೇ ಹೇಳಿಕೊಂಡಳು. ಹೇಗೂ ಗಿಂತಾರೆಗೆ ಅದು ಸಿಗುವುದಿಲ್ಲ, ಯಾರೋ ಕಿತ್ತುಕೊಳ್ಳುತ್ತಾರೆ, ಯಾರೋ ಕಿತ್ತುಕೊಳ್ಳುವುದಾದರೆ ನಾನೇ ಏಕಾಗಬಾರದು ಎಂದೂ ಹೇಳಿಕೊಂಡಳು. ಎರಡು ಮಾತಿಗೂ ಒಂದಕ್ಕೊಂದು ಹೊಂದಿಕೆಯಿರಲಿಲ್ಲ. ಅರ್ಜಿಯ ಕೊನೆಯ ಸಾಲು, ಇದನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ ಎಂದಿತ್ತು. ಅದರ ಮುಂದಿನ ಚೌಕದಲ್ಲಿ ಗುರುತು ಹಾಕಿ ಕಳಿಸಿ, ಹೋಗಿ ಎರಡನೆಯ ಮಹಡಿಯ ಶೌಚಾಲಯಗಳನ್ನು ತಾನೇ ತೊಳೆದಳು. ಅದು ಅವಳ ಕೆಲಸವಾಗಿರಲಿಲ್ಲ.

ಮೂರು ಗಂಟೆಗೆ ಸಂಘದ ಹುಡುಗಿ ಫೋನು ಮಾಡಿ, ಮನೆ ನಿಮ್ಮದಾಯಿತು, ಅಭಿನಂದನೆ ಎಂದಳು. ಡಾನುತೆ, ಎಷ್ಟು ಜನ ಅರ್ಜಿ ಹಾಕಿದ್ದರು ಎಂದು ಕೇಳಿದಳು.

ನೀವೊಬ್ಬರೇ ಎಂದಳು ಹುಡುಗಿ.

ಐದು ಗಂಟೆಗೆ ಗಿಂತಾರೆಯ ಫೋನು. ಅಳುತ್ತಿದ್ದಳು, ಬೇಗ ಬಾ ಎಂದಳು. ಡಾನುತೆ ಹೋದಳು. ಹೋಗದಿದ್ದರೆ ಅನುಮಾನ ಬರುತ್ತದೆ ಎಂಬುದು ಒಂದು ಕಾರಣ. ಗಿಂತಾರೆ ಅತ್ತರೆ ಹೋಗುವುದು ಮೂರು ವರ್ಷದ ಅಭ್ಯಾಸ ಎಂಬುದು ಇನ್ನೊಂದು.

ಮಿಂದೌಗಸ್ ಒಲೆಯ ಹತ್ತಿರ ಆಲೂಗಡ್ಡೆ ಸುಲಿಯುತ್ತಿದ್ದ. ಗಿಂತಾರೆ ಮೇಜಿನ ಮುಂದೆ ಕೂತಿದ್ದಳು. ಮೇಜಿನ ಮೇಲೆ ಹಳದಿ ಪರದೆ ಬಟ್ಟೆಯ ಕಟ್ಟು. ಆ ಹಕ್ಕುದಾರಳು ಯಾರೋ ಶ್ರೀಮಂತ ಮುದುಕಿ, ಮೊಮ್ಮಗನಿಗೆ ಕೊಡಿಸಿರುತ್ತಾಳೆ, ಮೂರು ಮನೆ ಮೊದಲೇ ಇರುತ್ತವೆ ಎಂದು ಗಿಂತಾರೆ ಬಯ್ದಳು. ಡಾನುತೆಯೂ ಬಯ್ದಳು. ಆ ಮುದುಕಿಗೆ ಮೆಟ್ಟಿಲು ಹತ್ತುವಾಗ ಕಾಲು ಮುರಿಯಲಿ ಎಂದಳು. ಬಯ್ಯುವಾಗ ಸ್ವಲ್ಪ ಸಮಾಧಾನವೂ ಆಯಿತು. ನಿಜವಾಗಿಯೂ ಅಂಥ ಒಬ್ಬ ಮುದುಕಿ ಇದ್ದಾಳೆ ಅನಿಸಿತು.

“ಹಳಬಳೂ ಅಲ್ಲ ಅಕ್ಕ” ಎಂದಳು ಗಿಂತಾರೆ, ಫೋನು ನೋಡುತ್ತ. “ಹೆಸರು ಹಾಕಲ್ಲ, ದಿನಾಂಕ ಮಾತ್ರ ಹಾಕ್ತಾರೆ. ಎರಡು ಸಾವಿರದ ಒಂಬತ್ತು. ಬರೀ ಹದಿನೈದು ವರ್ಷ. ಹದಿನೈದು ವರ್ಷದೋಳು ನನ್ನ ಮನೆ ಕಿತ್ಕೊಂಡ್ಲು.”

ಡಾನುತೆ ಲೋಟಕ್ಕೆ ನೀರು ಬಗ್ಗಿಸಿಕೊಂಡಳು. ದಿನಾಂಕ ಪ್ರಕಟಿಸುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಹನ್ನೊಂದು ಕುಟುಂಬಗಳಿಗೆ ಅವಳೇ ಅದನ್ನು ಹೇಳಿಕೊಟ್ಟಿದ್ದಳು. ಬೇರೆಯವರ ವಿಷಯದಲ್ಲಿ ನೆನಪಿದ್ದದ್ದು ತನ್ನ ವಿಷಯದಲ್ಲಿ ನೆನಪಾಗಿರಲಿಲ್ಲ.

“ಮಾರ್ಚ್ ನಾಲ್ಕು” ಎಂದು ಓದಿದಳು ಗಿಂತಾರೆ. “ಸಂತ ಕಾಜಿಮಿರನ ದಿನ. ದೊಡ್ಡಮ್ಮನ ಹೆಸರಿನ ಹಬ್ಬ.”

ಡಾನುತೆಯ ಅಮ್ಮನ ಹೆಸರು ಕಾಜಿಮಿಯೆರಾ. ಅವರಲ್ಲಿ ಹುಟ್ಟುಹಬ್ಬ ಮರೆತರೂ ಹೆಸರಿನ ಸಂತನ ದಿನ ಮರೆಯುವುದಿಲ್ಲ. ಚಿಕ್ಕಂದಿನಲ್ಲಿ ಗಿಂತಾರೆ ಪ್ರತಿ ಮಾರ್ಚ್ ನಾಲ್ಕಕ್ಕೂ ದೊಡ್ಡಮ್ಮನ ಮನೆಗೆ ಹೋಗಿ ಜೇನಿನ ಬಿಸ್ಕತ್ತು ತಿಂದವಳು. ಅವಳು ಫೋನು ಕೆಳಗಿಟ್ಟಳು. ಮಿಂದೌಗಸ್‌ನ ಚಾಕು ನಿಂತಿತು.

“ಅಕ್ಕಾ. ದೊಡ್ಡಮ್ಮಂಗೆ ಫೋನ್ ಮಾಡಿ ಸಾಲಲ್ಲಿ ನಿಂತಿದೀನಿ ಅಂದಿದ್ದು ಯಾವತ್ತು?”

ಡಾನುತೆ ಲೋಟ ಕೈಗೆತ್ತಿಕೊಂಡಳು. ಆ ಕತೆಯನ್ನು ಹದಿನೈದು ಕ್ರಿಸ್‌ಮಸ್ಸಿನಲ್ಲಿ ಹೇಳಿದ್ದಳು. ಉಡುಗೊರೆ ಎಂಬ ಮಾತಿಲ್ಲದೆ ಆ ಕತೆಯೇ ಇಲ್ಲ. ಉಡುಗೊರೆ ಕೊಡುವುದು ಹೆಸರಿನ ಹಬ್ಬಕ್ಕೆ.

“ನೀರು ಕುಡಿದು ಹೇಳು. ಅವಸರ ಇಲ್ಲ” ಎಂದಳು ಗಿಂತಾರೆ.

ಡಾನುತೆ ನೀರು ಕುಡಿದಳು. ಹೇಗೂ ಯಾರಾದರೂ ತೆಗೆದುಕೊಳ್ಳುತ್ತಿದ್ದರು ಎಂದಳು. ಹೊರಗಿನವರ ಪಾಲಾಗುವುದಕ್ಕಿಂತ ಮನೆಯವರಲ್ಲೇ ಇರಲಿ ಎಂದು ಮಾಡಿದೆ ಎಂದಳು. ಬೇರೆ ಎಷ್ಟು ಜನ ಕೇಳಿದ್ದರು ಎಂದು ಮಿಂದೌಗಸ್ ಬೆನ್ನು ತಿರುಗಿಸಿಯೇ ಕೇಳಿದ. ಅವಳು ಸುಳ್ಳು ಹೇಳಬಹುದಿತ್ತು. ಆ ಹೊತ್ತಿಗೆ ಒಂದು ಅಂಕಿಯೂ ಬಾಯಿಗೆ ಬರಲಿಲ್ಲ.

“ಮನೆ ಎಲ್ಲೂ ಹೋಗಿಲ್ಲ ಗಿಂತಾ” ಎಂದಳು. “ನೀವೂ ಬನ್ನಿ. ಚಿಕ್ಕ ಕೋಣೆ ನಿಮಗೆ.”

ಗಿಂತಾರೆ ಅವಳನ್ನೇ ನೋಡಿದಳು. ಆಮೇಲೆ ನಕ್ಕಳು, ಮೆಲ್ಲಗೆ, ಮೂಗಿನಿಂದ.

“ಬಾಡಿಗೆ?” ಎಂದಳು.

ಡಾನುತೆ ಎದ್ದು ಕೋಟು ಹಾಕಿಕೊಂಡಳು. ಯಾರೂ ಕೂರು ಎನ್ನಲಿಲ್ಲ. ಬಾಗಿಲು ದಾಟಿ ಮೆಟ್ಟಿಲ ಮೇಲೆ ನಿಂತಾಗ ಗಿಂತಾರೆ ಹಿಂದೆಯೇ ಬಂದು, ತನ್ನ ಕೀಲಿಗೊಂಚಲಿನಿಂದ ತಳಮನೆಯ ಕೀಲಿ ಬಿಡಿಸಿ, ಒಳಗೇ ನಿಂತು ಕೈ ಚಾಚಿದಳು. ಹೊಸ್ತಿಲ ಮೇಲೆ ಕೈಯಿಂದ ಕೈಗೆ ಏನನ್ನೂ ಕೊಡಬಾರದು, ಕೈ ಕುಲುಕಲೂ ಬಾರದು, ಕೊಟ್ಟರೆ ಆ ಇಬ್ಬರಿಗೆ ಜಗಳ ತಪ್ಪಿದ್ದಲ್ಲ ಎಂಬುದು ಅವರ ಊರಿನ ಮಗುವಿಗೂ ಗೊತ್ತು. ಅಂಚೆಯವನು ಬಂದರೂ ಒಂದು ಹೆಜ್ಜೆ ಒಳಗೆ ಕರೆಯುತ್ತಾರೆ.

“ಹೊಸ್ತಿಲ ಮೇಲೆ ಬೇಡ” ಎಂದಳು ಡಾನುತೆ.

“ಒಳಗೆ ಬಾ ಅನ್ನೋಕೆ ನಂಗಿಷ್ಟ ಇಲ್ಲ” ಎಂದಳು ಗಿಂತಾರೆ. ಕೈ ಹಾಗೆಯೇ ಚಾಚಿಕೊಂಡಿದ್ದಳು. ಡಾನುತೆ ಕೀಲಿ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಅವಳು ಸಂಘಕ್ಕೆ ಫೋನು ಮಾಡಿ, ತನಗೆ ಮನೆ ಬೇಡ, ಗೆದ್ದವರಿಗೇ ಕೊಡಿ ಎಂದಳು. ಅದೇ ಹುಡುಗಿ. ವಿನಯವಾಗಿಯೇ, ಅದು ಆಗುವುದಿಲ್ಲ ಎಂದಳು. ನೀವು ಗುರುತು ಹಾಕಿದ ಚೌಕ ಇದೆಯಲ್ಲ ಎಂದಳು. ಆದರೆ ಕೊಂಡ ಮೇಲೆ ನೀವು ಯಾರಿಗೆ ಬೇಕಾದರೂ ಮಾರಬಹುದು, ಆಗ ಮತ್ತೆ ಐದು ದಿನ ಸದಸ್ಯರಿಗೆ ಹಕ್ಕು ಇರುತ್ತದೆ ಎಂದೂ ಹೇಳಿದಳು. ಡಾನುತೆ ಇದನ್ನು ಗಿಂತಾರೆಗೆ ಮೆಸೇಜು ಮಾಡಿದಳು: ಬೇಸಿಗೆ ಕಳೆಯಲಿ, ಅದೇ ಬೆಲೆಗೆ ನಿನಗೇ ಮಾರುತ್ತೇನೆ. ಉತ್ತರ ಬರಲಿಲ್ಲ. ನಿಜ ಹೇಳಬೇಕೆಂದರೆ, ಕಳಿಸಿದ ಮೇಲೆ ಅವಳು ಹೆದರಿದಳು. ಎಲ್ಲಿ ಹೂಂ ಎಂದುಬಿಡುತ್ತಾಳೋ ಎಂದು ಎರಡು ದಿನ ಫೋನು ನೋಡುತ್ತಿದ್ದಳು. ಮೂರನೆಯ ದಿನ ತಾನಾಗಿ ಕರೆ ಮಾಡಿದಾಗ ಆ ಕಡೆ ಗಂಟೆ ಬಡಿಯಲೇ ಇಲ್ಲ. ಗಿಂತಾರೆ ಅವಳ ನಂಬರನ್ನು ತಡೆದಿದ್ದಳು.

ಜೂನ್ ಒಂದರಂದು ಕೀಲಿ ಸಿಕ್ಕಿತು. ಸಾಮಾನು ಸಾಗಿಸಲು ಡಾನುತೆ ಲಿಥುವೇನಿಯದ ನಾಲ್ಕು ಜನಕ್ಕೆ ಹೇಳಿದ್ದಳು, ನಾಲ್ವರೂ ಅವಳೇ ಮನೆ ಆರಿಸಿಕೊಟ್ಟವರು. ನಾಲ್ವರಿಗೂ ಅವತ್ತು ಬೇರೆ ಕೆಲಸವಿತ್ತು. ಕೂಲಿಗೆ ಪೋಲೆಂಡಿನ ಇಬ್ಬರು ಹುಡುಗರನ್ನು ಕರೆದಳು. ಮಂಚದ ಕೆಳಗಿನ ಪುಸ್ತಿಕೆಗಳ ಪೆಟ್ಟಿಗೆ ಎತ್ತುವಾಗ ಒಬ್ಬ, ಇದರಲ್ಲಿ ಕಲ್ಲಿದೆಯಾ ಎಂದು ಕೇಳಿದ.

ಹೊಸ ಮನೆಗೆ ಮೊದಲ ದಿನ ಕಪ್ಪು ರೊಟ್ಟಿ ಮತ್ತು ಉಪ್ಪು ಬರಬೇಕು. ಅದನ್ನು ಮನೆಯವರು ಕೊಳ್ಳುವಂತಿಲ್ಲ, ನೆಂಟರು ತರಬೇಕು. ಡಾನುತೆ ಸಂಜೆಯವರೆಗೆ ಕಾದಳು. ಜೂನಿನ ಸಂಜೆ ಹನ್ನೊಂದಕ್ಕೆ ಮುಗಿಯುತ್ತದೆ. ಏಳು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಮೇಲಿನ ಮನೆಯ ನಾರ್ವೆ ಹೆಂಗಸು. ಮುಂದಿನ ವಾರ ಎಲ್ಲರೂ ಸೇರಿ ಅಂಗಳ ಗುಡಿಸುವುದಿದೆ, ಬರಬೇಕು ಎಂದು ಚೀಟಿ ಕೊಟ್ಟಳು. ನಿಮ್ಮವರು ಯಾರಾದರೂ ಇದ್ದರೆ ಅವರನ್ನೂ ಕರೆತನ್ನಿ, ದೋಸೆ ಹುಯ್ಯುತ್ತೇವೆ ಎಂದಳು. ಡಾನುತೆ ಆಗಲಿ ಎಂದಳು. ಎಂಟಕ್ಕೆ ಲಿಥುವೇನಿಯದ ಅಂಗಡಿಗೆ ಇಳಿದು ಹೋಗಿ ರೊಟ್ಟಿ ತಂದಳು. ಉಪ್ಪು ಮನೆಯಲ್ಲೇ ಇತ್ತು.

ಬೀಟ್‌ರೂಟ್ ಜಾಡಿಗಳನ್ನು ಗೂಡಿನಲ್ಲಿ ಇಟ್ಟಳು. ಅಂದುಕೊಂಡ ಹಾಗೇ ಸರಿಯಾಗಿ ಹೊಂದಿದವು. ಬಾಗಿಲಿಗೆ ಹಿತ್ತಾಳೆಯ ಫಲಕ ಹಾಕಿಸಿದಳು. ಮಲಗುವುದು ದೊಡ್ಡ ಕೋಣೆಯಲ್ಲಿ. ಚಿಕ್ಕ ಕೋಣೆಯಲ್ಲಿ ಪುಸ್ತಿಕೆಗಳ ಪೆಟ್ಟಿಗೆ ಇಟ್ಟಿದ್ದಳು. ಭಾನುವಾರಗಳಲ್ಲಿ ಎಲ್ಲಿಗೂ ಹೋಗುವುದಿರಲಿಲ್ಲ. ಬಾಲ್ಕನಿಯಲ್ಲಿ ಕೂತು ನದಿಯಾಚೆಯ ದಂಡೆಯನ್ನು ನೋಡುತ್ತಿದ್ದಳು. ಗಿಂತಾರೆ ಸಾರು ತರುತ್ತಿದ್ದ ಹೊತ್ತಿಗೆ ಎದ್ದು ಒಳಗೆ ಬಂದು ರೇಡಿಯೋ ಹಾಕುತ್ತಿದ್ದಳು.

ಅಕ್ಟೋಬರಿನಲ್ಲಿ ಅಂಗಡಿಯವಳು ರೊಟ್ಟಿ ಸುತ್ತಿಕೊಡುತ್ತ, ನಿಮ್ಮ ತಂಗಿಗೆ ಹೆಣ್ಣು ಮಗುವಂತಲ್ಲ, ಯಾರ ಹಾಗಿದೆ ಎಂದು ಕೇಳಿದಳು. ಅವರು ಆಗಸ್ಟಿನಲ್ಲೇ ಊರು ಬಿಟ್ಟು ಉತ್ತರಕ್ಕೆ, ಮಿಂದೌಗಸ್‌ನ ಅಣ್ಣನ ಹತ್ತಿರ ಹೋಗಿದ್ದರು; ಅಲ್ಲಿ ಮನೆ ಕೊಂಡರಂತೆ, ಅಂಗಳವೂ ಇದೆಯಂತೆ. ಡಾನುತೆ, ಅಪ್ಪನ ಹಾಗೆ ಎಂದಳು. ಮನೆಗೆ ಹತ್ತುವಾಗ, ಅಂಗಳ ಎಷ್ಟು ದೊಡ್ಡದಿರಬಹುದು ಎಂದು ಯೋಚಿಸುತ್ತಿದ್ದಳು.

ಅಂಚೆ ಡಬ್ಬಿಯಲ್ಲಿ ಸಂಘದ ವಾರ್ಷಿಕ ಪತ್ರ ಬಂದಿತ್ತು. ಡಾನುತೆ ನಿಂತಲ್ಲೇ ಒಡೆದು ನೋಡಿದಳು. ಹೆಸರು ಸರಿಯಿತ್ತು, ವಿಳಾಸ ಹೊಸದಿತ್ತು. ಹಿರಿತನ ಎಂಬಲ್ಲಿ ಹೊಸ ದಿನಾಂಕ: ಇಪ್ಪತ್ತಮೂರು ಏಪ್ರಿಲ್, ಎರಡು ಸಾವಿರದ ಇಪ್ಪತ್ತನಾಲ್ಕು. ಕಳೆದುಕೊಂಡದ್ದನ್ನು ಬೆರಳು ಮಡಚಿ ಲೆಕ್ಕ ಹಾಕಿದಳು. ಹದಿನೈದು ವರ್ಷ, ಒಂದು ತಿಂಗಳು, ಹತ್ತೊಂಬತ್ತು ದಿನ. ಮತ್ತೆ ಮೂರು ಜನ, ಅವರಲ್ಲಿ ಒಬ್ಬಳನ್ನು ಅವಳು ನೋಡಿರಲಿಲ್ಲ.